ಕುಟ್ಟದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

ಏಳನೇ ತರಗತಿಯ ಮಕ್ಕಳ ಮುಂದೆ ನೀರು ಕುದಿಸಿ ಥರ್ಮಾಮೀಟರ್ ಅದ್ದುವುದು ತೀರ ಸಾದಾ ಪ್ರಯೋಗ. ಕೊಡಗಿನ ಕುಟ್ಟದಲ್ಲಿ ಮಾಡಿದರೆ ಮಾತ್ರ ಅದು 97ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪುಸ್ತಕದಲ್ಲಿ ಇರುವುದು 100. ಶಾಲೆಗೆ ಪ್ರಯೋಗ ಮಾಡಿಸಲು ಬರುವ ಸ್ವಯಂಸೇವಕ ಎಂಜಿನಿಯರುಗಳ ಕೆಲಸವನ್ನು ನಾನು ತೂಗಿ ನೋಡುವುದು ಇಂಥ ಗಳಿಗೆಯಲ್ಲಿ.

‘ಥರ್ಮಾಮೀಟರ್ ಸರಿಯಿಲ್ಲ, 100 ಅಂತಲೇ ಬರ್ಕೊಳ್ಳಿ’ ಎಂದುಬಿಟ್ಟರೆ ಬಂದ ದಾರಿಗೆ ಸುಂಕವಿಲ್ಲ. ಪಕ್ಕದ ಅಂಗಡಿಯಿಂದ ಐಸ್ ತರಿಸಿ, ಕರಗುತ್ತಿರುವ ಐಸಿನಲ್ಲಿ ಅದೇ ಥರ್ಮಾಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ಮಕ್ಕಳಿಂದಲೇ ಓದಿಸಿದರೆ ಪಾಠ ಶುರುವಾಯಿತು. ಸೊನ್ನೆ ಸರಿಯಾಗಿದ್ದರೆ ಅನುಮಾನ ಊರಿನ ಕಡೆಗೆ ತಿರುಗುತ್ತದೆ. ಬ್ರಹ್ಮಗಿರಿಯ ಮಗ್ಗುಲಿನ ಕುಟ್ಟ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. 100 ಎನ್ನುವುದು ಮಂಗಳೂರಿನ ಕಡಲತೀರಕ್ಕೆ ಸಲ್ಲುವ ಲೆಕ್ಕ. ಬೆಂಗಳೂರಿನ ಅಡುಗೆಮನೆಯಲ್ಲೂ ನೀರು 97ಕ್ಕೇ ಕುದಿಯುತ್ತದೆ. ಅಳತೆ ಮತ್ತು ಪುಸ್ತಕ ತಾಳೆಯಾಗದಾಗ ಗಾಬರಿಯಾಗದೆ ಒಂದೊಂದೇ ಕಾರಣವನ್ನು ಪರೀಕ್ಷಿಸುತ್ತಾ ಹೋಗುವುದು ಎಂಜಿನಿಯರ್ ದಿನಾ ಮಾಡುವ ಕೆಲಸ. ಮಕ್ಕಳಿಗೆ ಕೊಡಬೇಕಾದ್ದೂ ಅದನ್ನೇ. ಸೋಡಾ-ವಿನೆಗರ್ ಜ್ವಾಲಾಮುಖಿ ಚಪ್ಪಾಳೆ ಗಿಟ್ಟಿಸುತ್ತದೆ, ಆದರೆ ಅಲ್ಲಿ ಮಗು ಬರೀ ಪ್ರೇಕ್ಷಕ.

ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಈ ದಾರಿಗೆ ದೊಡ್ಡ ಮಾದರಿ ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮ 2002ರವರೆಗೆ ನಡೆಯಿತು. ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೋ ಕಂಪನಿಯಲ್ಲಿದ್ದ ಅರವಿಂದ ಗುಪ್ತಾ 1978ರಲ್ಲಿ ಒಂದು ವರ್ಷ ರಜೆ ಹಾಕಿ ಅಲ್ಲಿಗೆ ಹೋದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳಿಂದ ಆಕೃತಿಗಳನ್ನು ಕಟ್ಟುವ ಅವರ ವಿಧಾನ ಹುಟ್ಟಿದ್ದು ಅಲ್ಲಿನ ಸಂತೆಪೇಟೆಗಳ ನಡುವೆ. ಒಂದು ವರ್ಷ ಎಲ್ಲರಿಂದಲೂ ಆಗುವುದಿಲ್ಲ, ಒಪ್ಪುತ್ತೇನೆ. ಒಂದೇ ಒಂದು ದಿನ ಬಂದು ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. 1999ರಲ್ಲಿ ಆರಂಭವಾದ ಬೆಂಗಳೂರಿನ ಅಗಸ್ತ್ಯ ಫೌಂಡೇಶನ್ ಸಂಚಾರಿ ಪ್ರಯೋಗಾಲಯಗಳಲ್ಲಿ ತರಬೇತಿ ಪಡೆದ ಬೋಧಕರನ್ನು ಕಳಿಸುತ್ತದೆ. ಬಿಡುವಿನಲ್ಲಿ ಬರುವ ಎಂಜಿನಿಯರಿಗೆ ಆ ತಯಾರಿ ಇರುವುದಿಲ್ಲ. ಹಾಗಾಗಿ ಶಾಲೆಯ ಮೇಷ್ಟ್ರೋ ಟೀಚರೋ ಪಕ್ಕದಲ್ಲಿ ನಿಂತಿರುವಾಗಲೇ ಪ್ರಯೋಗ ನಡೆಯಬೇಕು. ತೋಟದ ಲೈನ್‌ಮನೆಯಿಂದ, ಹಾಡಿಯಿಂದ ಬರುವ ಮಕ್ಕಳ ಮನೆಮಾತು ಎರವ, ಜೇನುಕುರುಬ, ಮಲಯಾಳಂ, ಕೊಡವ ಯಾವುದೂ ಇರಬಹುದು. ಯಾವ ಮಗುವಿಗೆ ಅರ್ಥವಾಯಿತು, ಯಾವುದು ಸುಮ್ಮನೆ ತಲೆಯಾಡಿಸಿತು ಎನ್ನುವುದು ಟೀಚರಿಗೇ ಗೊತ್ತು.

ಇನ್ನೊಂದು ಪ್ರಯೋಗಕ್ಕೆ ಕಿಟ್ಟೇ ಬೇಡ. ಕೊಡಗಿನ ತೋಟಗಳಲ್ಲಿ ಮಳೆಯ ಅಳತೆ ಮನೆಮಾತು. ಮಾರ್ಚಿನ ಹೂಮಳೆ ಎಷ್ಟು ಇಂಚು ಬಿತ್ತು ಎಂದು ಕಾಫಿ ಬೆಳೆಗಾರರು ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾರೆ. ನೇರ ಗೋಡೆಯ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನು ಬಾಟಲಿಯ ಬಾಯಿಗೇ ತಲೆಕೆಳಗಾಗಿ ಕೂರಿಸಿದರೆ ಶಾಲೆಗೂ ಮಳೆಮಾಪಕ ಸಿಕ್ಕಿತು. ಬಾಟಲಿಯ ತಳ ಉಬ್ಬುತಗ್ಗು. ಗೋಡೆ ನೇರವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಅಗಲ ಬಾಟಲಿ, ಸಣ್ಣ ಬಾಟಲಿ ಎರಡರಲ್ಲೂ ಒಂದೇ ಅಳತೆ ಏಕೆ ಬರುತ್ತದೆ ಎಂಬ ಜಗಳ ಮಕ್ಕಳಲ್ಲಿ ಖಂಡಿತ ಎದ್ದೇಳುತ್ತದೆ, ಏಳಲಿ. ತೊಡಕು ಬರುವುದು ಜುಲೈಯಲ್ಲಿ. ಮಳೆ ಜೋರಾದ ದಿನಗಳಲ್ಲೇ ಶಾಲೆಗೆ ಮಳೆ ರಜೆ. ಆಗ ಬಾಟಲಿ ಯಾರ ಮನೆಯಂಗಳದಲ್ಲಿರಬೇಕು, ತುಂಬಿ ಹರಿದರೆ ಲೆಕ್ಕ ಹೇಗೆ ಎಂಬುದನ್ನು ಮಕ್ಕಳ ಜೊತೆ ಕೂತು ತೀರ್ಮಾನಿಸಲು, ಮಾರ್ಚಿನಲ್ಲಿ ಬಂದ ಎಂಜಿನಿಯರ್ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ಮತ್ತೆ ಕುಟ್ಟಕ್ಕೆ ಬರಬೇಕು.