ಕಾಯಕವೂ ಸಂಬಳವೂ

ಹಳೆಯ ಸಾಹಿತ್ಯದ ಮಾತೊಂದು ನಾಣ್ಣುಡಿಯಾಗಿ ಜನರ ಬಾಯಲ್ಲಿ ಉಳಿದರೆ ಅದು ಆ ಸಾಹಿತ್ಯದ ಭಾಗ್ಯವೆನ್ನಬೇಕು. ಆದರೆ ನಾಣ್ಣುಡಿಯಾದ ಮಾತಿಗೆ ಒಂದು ಅಪಾಯವೂ ಉಂಟು. ಅದು ತನ್ನ ಸಂದರ್ಭವನ್ನು ಕಳೆದುಕೊಳ್ಳುತ್ತದೆ. ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಅದನ್ನು ಪ್ರಯೋಗಿಸಬಹುದು. ‘ಕಾಯಕವೇ ಕೈಲಾಸ’ ಎಂಬ ಮಾತಿಗೆ ಈ ಗತಿ ಬಂದಿದೆ. ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿ ನಾನು ಕಂಡಂತೆ ಈ ಫಲಕವಿರುವುದು ಮೇಲಧಿಕಾರಿಯ ಕುರ್ಚಿಯ ಹಿಂದೆ. ಅದನ್ನು ಓದಬೇಕಾದವನು ಎದುರಿಗೆ ಕೈಕಟ್ಟಿ ನಿಂತವನು. ಸಂಬಳ ಸಾಲದೆಂದು ಹೇಳಿಕೊಳ್ಳಲು ಬಂದವನಿಗೆ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ವಚನಕಾರರದೇ ಎಂಬುದನ್ನು ವಿಚಾರಿಸಬೇಕಾಗಿದೆ.

ಈ ಮಾತು ಬಸವಣ್ಣನವರದೆಂದು ಅನೇಕರ ನಂಬಿಕೆ. ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ನೂಲುವ ಕದಿರ ರೆಮ್ಮವ್ವೆ—ಇವರ ಕಸುಬು ಹೆಸರಿನೊಡನೆ ಸೇರಿಕೊಂಡಿದೆ. ಇವರನ್ನು ದುಡಿಸಿಕೊಂಡ ಒಡೆಯನ ಹೆಸರಿಲ್ಲ. ಹನ್ನೆರಡನೆಯ ಶತಮಾನ ದುಡಿಯುವವರ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಕಸುಬಿಗೆ ಜಾತಿಯ ಕಟ್ಟು ಇತ್ತು, ಕೀಳೆಂಬ ಹಣೆಪಟ್ಟಿ ಇತ್ತು. ಆ ಹಣೆಪಟ್ಟಿಯನ್ನು ಕಿತ್ತು ದುಡಿಯುವವನನ್ನು ಎತ್ತರಿಸುವುದಕ್ಕಾಗಿ ಹುಟ್ಟಿದ ಮಾತು ಕಾಯಕ. ಅವನ ದುಡಿಮೆಯನ್ನು ಅಗ್ಗಕ್ಕೆ ಕೊಳ್ಳುವುದಕ್ಕಾಗಿ ಹುಟ್ಟಿದ್ದಲ್ಲ.

ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಸರ್ವವಿದಿತ. ಇದನ್ನು ಆಸೆ ಪಡಬಾರದೆಂಬ ಪಾಠವಾಗಿ ಹುಡುಗರಿಗೆ ಹೇಳುತ್ತೇವೆ. ಅದು ಮಿತಿಯ ಪಾಠವೂ ಹೌದು: ಈ ದಿನಕ್ಕೆ ಇಷ್ಟು ಸಾಕೆಂದು ತೀರ್ಮಾನಿಸುವ ಅಧಿಕಾರ ದುಡಿಯುವವರ ಮನೆಯಲ್ಲಿತ್ತು. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಎನ್. ಆರ್. ನಾರಾಯಣಮೂರ್ತಿಯವರು ಹೇಳಿದರು. ಇಂಥ ಮಾತಿಗೆ ಕಾಯಕದ ಆಸರೆ ಹುಡುಕುವವರು ಮಾರಯ್ಯನನ್ನು ಉದ್ಧರಿಸಿ ಲಕ್ಕಮ್ಮನನ್ನು ಮರೆಯುವುದು ನ್ಯಾಯವಲ್ಲ.

ಶರಣರಲ್ಲಿಯೂ ಅರಸನ ಊಳಿಗದಲ್ಲಿದ್ದವರಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದರು, ಸ್ವತಃ ಬಸವಣ್ಣನವರೇ ಬಿಜ್ಜಳನ ಭಂಡಾರಿ. ಆದರೆ ಗಮನಿಸಿ: ಮಾರಯ್ಯನಿಗೆ ತನ್ನ ಕಾಯಕದಲ್ಲಿ ಅಳುಕಿಲ್ಲ, ಬಸವಣ್ಣನವರಿಗೆ ತಮ್ಮ ಊಳಿಗದ ಬಗ್ಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಬಿಜ್ಜಳನ ಗದ್ದುಗೆಯ ಕೆಳಗೆ ಕುಳಿತು ಅವನನ್ನು ಓಲೈಸುತ್ತಾನೆಂಬ ನಿಂದೆಗೆ ಉತ್ತರವಾಗಿ, ತಾನು ಕುದಿಯುವುದು ಒಡಲ ಅವಸರಕ್ಕಲ್ಲ ಎಂದು ಆಣೆಯಿಡುವ ಅವರ ವಚನವೊಂದಿದೆ. ಕಾಯಕಕ್ಕೂ ಊಳಿಗಕ್ಕೂ ಇರುವ ಅಂತರ ವಚನಕಾರರಿಗೇ ತಿಳಿದಿತ್ತು ಎನ್ನಲು ಇದಕ್ಕಿಂತ ಬೇರೆಯ ಸಾಕ್ಷಿ ಬೇಕಿಲ್ಲ.

ಈ ಊಳಿಗದ ನೋವು ಹೊಸಗನ್ನಡದಲ್ಲಿ ಬಂದಿಲ್ಲವೆಂದಲ್ಲ. ಮುಂಬಯಿಯ ಉದ್ಯಮರಂಗದಲ್ಲಿ ಬಹುಕಾಲ ದುಡಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ದೃಷ್ಟಿಯಿಂದ ಮಹತ್ವದ ಕಾದಂಬರಿ. ಆಪಾದನೆ ಏನೆಂಬುದು ಸ್ಪಷ್ಟವಾಗದೆಯೇ ನಾಗಪ್ಪ ಅಮಾನತ್ತಿಗೆ ಒಳಗಾಗುತ್ತಾನೆ. ಕೆಲಸ ಹೋಗಬಹುದೆಂಬ ಭಯ ಮನುಷ್ಯನ ನಿದ್ದೆ, ನೆನಪು, ಸ್ನೇಹಗಳನ್ನು ಹೇಗೆ ಒಳಗಿನಿಂದ ಕೊರೆಯುತ್ತದೆಂಬುದನ್ನು ಕನ್ನಡದಲ್ಲಿ ಇಷ್ಟು ಸೂಕ್ಷ್ಮವಾಗಿ ಕಂಡವರು ವಿರಳ. ಆದರೂ ನಾಗಪ್ಪ ಮೇಲ್ದರ್ಜೆಯ ಅಧಿಕಾರಿ. ಕಾದಂಬರಿಯೊಡನೆ ನಮ್ಮ ವಿಮರ್ಶೆಯೂ ಅವನ ಭಯವನ್ನು ಅಸ್ತಿತ್ವದ ಪ್ರಶ್ನೆಯಾಗಿ ಎತ್ತಿಕೊಂಡಿತು. ತಿಂಗಳ ಕೊನೆಯ ಬಾಡಿಗೆಯ ಪ್ರಶ್ನೆ, ಕಿರಾಣಿ ಅಂಗಡಿಯ ಸಾಲದ ಪ್ರಶ್ನೆ ಕೆಳಗೇ ಉಳಿಯಿತು. ಪ್ರಗತಿಶೀಲರಿಗೆ ಕಾರ್ಮಿಕ ಕಂಡದ್ದು ಹೆಚ್ಚಾಗಿ ಮೆರವಣಿಗೆಯಲ್ಲಿ. ಮೆರವಣಿಗೆ ಮುಗಿಸಿ ಮನೆಗೆ ಬಂದು ದಣಿದು ಕುಳಿತವನು ಇವರಿಗೂ ಅವರಿಗೂ ನಡುವೆ ತಪ್ಪಿಹೋದನು.

ಅಂಥವರು ದೂರವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ನನ್ನ ವೃತ್ತಿಬಾಂಧವರೇ. 2022ರ ಜನವರಿಯವರೆಗೆ ಇವರ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿ. ಮುಷ್ಕರದ ಬಳಿಕ ಅದು 26,000ದಿಂದ 32,000 ರೂಪಾಯಿಗಳಿಗೆ ಏರಿತು; ಜೊತೆಗೆ ಪಾಠದ ಹೊರೆಯೂ ವಾರಕ್ಕೆ 15 ಗಂಟೆಯಾಗಿ, ಒಬ್ಬರ ಏರಿಕೆ ಇನ್ನೊಬ್ಬರ ಜಾಗವನ್ನು ನುಂಗಿತು. ಸೇವಾಭದ್ರತೆ ಬೇಡಿ 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದು ಬಂದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ ವಿಧಾನಸೌಧವಿರುವುದು ಆ ಊರಿನಲ್ಲಿಯೇ. ಹತ್ತು ಹದಿನೈದು ವರ್ಷ ಪಾಠ ಹೇಳಿಯೂ ‘ಅತಿಥಿ’ಯಾಗಿಯೇ ಉಳಿಯುವುದೆಂದರೇನು? ಮನೆಗೆ ಬಂದ ಅತಿಥಿಯನ್ನು ನಾವು ಹೀಗೆ ನಡೆಸಿಕೊಳ್ಳುವುದಿಲ್ಲ.

ಲಕ್ಕಮ್ಮ–ಮಾರಯ್ಯರ ವಚನಗಳನ್ನು ಇಂದು ಎಷ್ಟೋ ಕಾಲೇಜುಗಳಲ್ಲಿ ಕಲಿಸುತ್ತಿರುವವರು ಇವರೇ. ಬೇಸಗೆ ರಜೆಗೆ ಸಂಬಳವಿಲ್ಲ, ಮುಂದಿನ ವರ್ಷ ಕರೆ ಬರುವ ಖಾತರಿಯಿಲ್ಲ. ಆದರೂ ಕೈಲಾಸದ ಅರ್ಥವನ್ನು ವಿವರಿಸಬೇಕು. ಅವರ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು, ‘ನಿಮ್ಮದು ಕಾಯಕವೋ ಊಳಿಗವೋ?’ ಎಂದು ಕೇಳಿದರೆ ಅದು ಉದ್ಧಟತನವಲ್ಲ, ಒಳ್ಳೆಯ ಓದು. ನಮ್ಮ ಪಠ್ಯಪುಸ್ತಕಗಳ ಟಿಪ್ಪಣಿಗಳೂ ವಿಮರ್ಶೆಯೂ ಆ ಪ್ರಶ್ನೆಯನ್ನು ಅವನಿಗಿಂತ ಮೊದಲೇ ಕೇಳಬೇಕಾಗಿತ್ತು. ಈಗಲಾದರೂ ಕೇಳಲಿ.