ಸ್ವತಂತ್ರ ವಾದ್ಯತಂಡಗಳೂ ಧ್ವನಿನಿರ್ಮಾಣವೂ: ಒಂದು ವಿವೇಚನೆ

ಕೃತಿಯ ಬೆಲೆ ಕಟ್ಟುವಾಗ ಅದು ಸಿದ್ಧವಾದ ಬಗೆಯನ್ನು ವಿಮರ್ಶಕನು ವಿಚಾರಿಸಬೇಕಾದುದಿಲ್ಲವೆಂಬುದು ರೂಢಿಯ ಮಾತು. ಕಾವ್ಯದ ಮಟ್ಟಿಗೆ ಇದು ಬಹುಪಾಲು ಸಲ್ಲುತ್ತದೆ. ಕವಿ ಬರೆದುದು ಓಲೆಯ ಮೇಲೋ ಕಾಗದದ ಮೇಲೋ ಎಂಬುದರಿಂದ ಪದ್ಯದ ಗುಣ ಹೆಚ್ಚುವುದಿಲ್ಲ, ಕುಗ್ಗುವುದೂ ಇಲ್ಲ. ಧ್ವನಿಮುದ್ರಿತ ಸಂಗೀತದ ವಿಷಯ ಹಾಗಲ್ಲ. ಅಲ್ಲಿ ಹಾಡುವವನ ಕಂಠಕ್ಕೂ ಕೇಳುವವನ ಕಿವಿಗೂ ನಡುವೆ ಮೂರನೆಯವನೊಬ್ಬನಿದ್ದಾನೆ. ಯಾವ ವಾದ್ಯ ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು, ಯಾವ ತಪ್ಪನ್ನು ತಿದ್ದಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ನಿರ್ಣಯಿಸತಕ್ಕವನು ಅವನೇ. ಹಣ ಹೂಡುವ ಚಲನಚಿತ್ರ ನಿರ್ಮಾಪಕನೊಡನೆ ಬೆರೆಯದಿರಲೆಂದು ನಾವು ಇವನನ್ನು ಇಲ್ಲಿ ಧ್ವನಿನಿರ್ಮಾಪಕನೆಂದು ಕರೆಯುತ್ತೇವೆ.

ಈಗ ಒಂದು ಕಂಪ್ಯೂಟರೂ ಒಂದು ಮೈಕೂ ಇದ್ದರೆ ವಿದ್ಯಾರ್ಥಿಯೊಬ್ಬನು ತನ್ನ ಕೊಠಡಿಯಲ್ಲಿಯೇ ಹಾಡನ್ನು ಮುದ್ರಿಸಿ ಲೋಕದ ಮುಂದಿಡಬಲ್ಲನು. ‘ಎಲ್ಲವನ್ನೂ ನಾವೇ ಮಾಡಿದೆವು’ ಎಂಬ ಮಾತು ಒಂದು ಪ್ರಶಂಸೆಯಾಗಿಯೇ ಬಳಕೆಗೆ ಬಂದಿದೆ. ಆದರೆ ಮೂರನೆಯವನನ್ನು ಕೈಬಿಟ್ಟ ಮಾತ್ರಕ್ಕೆ ಸ್ವಾತಂತ್ರ್ಯ ಬಂದಂತಾಯಿತೆ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದ ತಂಡಗಳು 1977ರಿಂದ 1983ರವರೆಗೆ ಹೊರತಂದ ಕೆಲವು ಮುದ್ರಿಕೆಗಳ ಮೂಲಕ ಪರಿಶೀಲಿಸಬಹುದಾಗಿದೆ.

ಮೊದಲನೆಯದು ಬಜ್‌ಕಾಕ್ಸ್ ತಂಡದ ‘ಸ್ಪೈರಲ್ ಸ್ಕ್ರ್ಯಾಚ್’. ದೊಡ್ಡ ಕಂಪನಿಯ ಕರೆಗಾಗಿ ಕಾದು ಕುಳಿತುಕೊಳ್ಳದೆ, ಬಂಧುಮಿತ್ರರಿಂದ ಸುಮಾರು 500 ಪೌಂಡು ಸಾಲ ಪಡೆದು, ಈ ತರುಣರು 1976ರ ಡಿಸೆಂಬರ್ 28ರಂದು ನಾಲ್ಕು ಹಾಡುಗಳನ್ನು ಮುದ್ರಿಸಿದರು. 1977ರ ಜನವರಿಯಲ್ಲಿ ‘ನ್ಯೂ ಹಾರ್ಮೋನ್ಸ್’ ಎಂಬ ತಮ್ಮದೇ ಹೆಸರಿನಡಿಯಲ್ಲಿ ಸಾವಿರ ತಟ್ಟೆಗಳನ್ನು ಹೊರತಂದರು. ತಟ್ಟೆಯ ಹೊದಿಕೆಯ ಮೇಲೆ ಪ್ರತಿಯೊಂದು ಹಾಡೂ ಎಷ್ಟನೆಯ ಪ್ರಯತ್ನದಲ್ಲಿ ಸಿದ್ಧವಾಯಿತು, ಅದಕ್ಕೆ ಆಮೇಲೆ ಏನನ್ನು ಸೇರಿಸಲಾಯಿತು ಎಂಬ ವಿವರವನ್ನು ಅಚ್ಚುಹಾಕಿಸಿದುದು ಗಮನಾರ್ಹ. ನಾಲ್ಕರಲ್ಲಿ ಮೂರು ಹಾಡುಗಳು ಮೊದಲನೆಯ ಪ್ರಯತ್ನದವು. ಅಡುಗೆಮನೆಯ ಬಾಗಿಲನ್ನು ಅತಿಥಿಗಳಿಗೆ ತೆರೆದಿಟ್ಟಂತೆ ಇದು. ‘ಬೋರ್ಡಮ್’ ಎಂಬ ಹಾಡಿನಲ್ಲಿ ಗಿಟಾರು ತನ್ನ ಸರದಿ ಬಂದಾಗ ಎರಡೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುತ್ತದೆ. ಬೇಸರವನ್ನು ಕುರಿತ ಹಾಡಿಗೆ ಇದಕ್ಕಿಂತ ತಕ್ಕ ಅಲಂಕಾರ ಬೇರಿಲ್ಲ. ಇಲ್ಲಿನ ಒರಟುತನ ಬಡತನದಿಂದ ಬಂದುದಾದರೂ ಅರ್ಥಕ್ಕೆ ಒದಗಿದೆ.

ಆದರೂ ಈ ತಟ್ಟೆಯನ್ನು ಸ್ವಯಂನಿರ್ಮಾಣದ ಆದಿಗ್ರಂಥವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅದಕ್ಕೂ ಒಬ್ಬ ಧ್ವನಿನಿರ್ಮಾಪಕನಿದ್ದನು. ಹೊದಿಕೆಯ ಮೇಲೆ ‘ಮಾರ್ಟಿನ್ ಝೀರೋ’ ಎಂದು ಹೆಸರಿಸಿಕೊಂಡ ಮಾರ್ಟಿನ್ ಹ್ಯಾನೆಟ್ ಆತ. ಹಣ, ಅಚ್ಚು, ಮಾರಾಟ ಇವುಗಳಲ್ಲಿ ತಂಡ ಸ್ವತಂತ್ರವಾಗಿತ್ತು. ಕೇಳುವ ಕಿವಿ ಹೊರಗಿನಿಂದ ಬಂದುದಾಗಿತ್ತು.

ಆ ಕಿವಿಯ ನಿಜವಾದ ಶಕ್ತಿ ಪ್ರಕಟವಾದುದು ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ ಎಂಬ 1979ರ ದೀರ್ಘಮುದ್ರಿಕೆಯಲ್ಲಿ. ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಹ್ಯಾನೆಟ್ ತಾಳವಾದ್ಯದ ಭಾಗಗಳನ್ನು ಒಂದರಿಂದೊಂದು ಬೇರ್ಪಡಿಸಿದನು. ವಿಳಂಬಯಂತ್ರದಿಂದ ಪ್ರತಿಯೊಂದು ಪೆಟ್ಟಿಗೂ ಒಂದು ಶೂನ್ಯಾವಕಾಶವನ್ನು ಒದಗಿಸಿದನು. ಲಿಫ್ಟಿನ ಸದ್ದನ್ನೂ ಗಾಜು ಒಡೆಯುವ ಸದ್ದನ್ನೂ ಹಾಡುಗಳೊಳಕ್ಕೆ ತಂದನು. ವೇದಿಕೆಯ ಮೇಲೆ ಉಗ್ರವಾಗಿ ಮೊರೆಯುತ್ತಿದ್ದ ತಂಡ ತಟ್ಟೆಯಲ್ಲಿ ಬರಿದಾದ ಕಟ್ಟಡವೊಂದರ ಒಳಗಿನಿಂದ ಕೇಳಿಬರುವಂತಾಯಿತು. ವಾದಕರಾದ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಇಬ್ಬರಿಗೂ ಇದು ಆಗ ಹಿಡಿಸಲಿಲ್ಲ. ತಾವು ನುಡಿಸಿದುದು ಹೀಗಿರಲಿಲ್ಲವೆಂಬುದು ಅವರ ದೂರು. ದೂರು ನ್ಯಾಯವಾದುದೇ, ಆದರೆ ಕೃತಿ ದೊಡ್ಡದು. ಈ ಎರಡು ಮಾತುಗಳನ್ನೂ ವಿಮರ್ಶಕನು ಒಟ್ಟಿಗೆ ಒಪ್ಪಬೇಕಾಗುತ್ತದೆ. ಹೊರಗಿನ ಕಿವಿ ತಂಡಕ್ಕೆ ಅದರ ಶ್ರೇಷ್ಠ ಕೃತಿಯನ್ನು ಕೊಟ್ಟಿತು, ಕೊಡುವಾಗಲೇ ಅದನ್ನು ತಂಡದ ಕೈಯಿಂದ ತೆಗೆದುಕೊಂಡಿತು.

1980ರ ಮೇ ತಿಂಗಳಲ್ಲಿ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ ಮೇಲೆ ಉಳಿದವರು ನ್ಯೂ ಆರ್ಡರ್ ಎಂಬ ತಂಡವಾದರು. ಅವರ ಮೊದಲ ದೀರ್ಘಮುದ್ರಿಕೆ ‘ಮೂವ್‌ಮೆಂಟ್’ (1981) ಇನ್ನೂ ಹ್ಯಾನೆಟ್ಟನ ನೆರಳಿನದು. ಅನಂತರ ಅವರು ಆತನನ್ನು ಬಿಟ್ಟರು. ಆದರೆ ಬರಿಗೈಯಲ್ಲಿ ಬಿಡಲಿಲ್ಲ. ವರ್ಷಗಟ್ಟಲೆ ಆತನ ಬದಿಯಲ್ಲಿ ಕುಳಿತು, ಜಗಳವಾಡುತ್ತಲೇ, ಕಲಿತುಕೊಂಡಿದ್ದರು. ‘ಪವರ್, ಕರಪ್ಷನ್ ಅಂಡ್ ಲೈಸ್’ (1983) ಅವರೇ ನಿರ್ಮಿಸಿದುದು. ಅದೇ ವರ್ಷದ ‘ಬ್ಲೂ ಮಂಡೆ’ಯೂ ಅವರದೇ ನಿರ್ಮಾಣ. ಈ ಹಾಡಿಗಾಗಿ ಗಿಲಿಯನ್ ಗಿಲ್ಬರ್ಟ್ ಸ್ವರಾನುಕ್ರಮವನ್ನು ಹಾಳೆಗಳ ಮೇಲೆ ಬರೆದು, ಒಂದಕ್ಕೊಂದು ಅಂಟಿಸಿ, ಯಂತ್ರಕ್ಕೆ ಊಡಿಸಿದರು. ನಡುವೆ ಒಂದು ಸ್ವರ ಕೈತಪ್ಪಿತು. ಅದರಿಂದ ರಾಗರೇಖೆ ತಾಳದಿಂದ ತುಸು ಜಾರಿತು. ತಂಡ ಆ ಜಾರುವಿಕೆಯನ್ನು ತಿದ್ದದೆ ಹಾಗೆಯೇ ಉಳಿಸಿತು. ಯಂತ್ರದ ಏಕರೂಪದ ಬಡಿತದ ಮೇಲೆ ಮನುಷ್ಯನ ಹೆಜ್ಜೆ ಕೊಂಚ ತಡವಾಗಿ ಬೀಳುವಂತೆ ಕೇಳಿಸುವ ಆ ಹಾಡಿನ ಸೊಗಸಿನಲ್ಲಿ ಈ ತಪ್ಪಿಗೂ ಪಾಲಿದೆಯೆಂಬುದು ನಮ್ಮ ಅಭಿಪ್ರಾಯ.

ತಪ್ಪನ್ನು ಮಾಡುವುದಕ್ಕೆ ಪ್ರತಿಭೆ ಬೇಡ. ಉಳಿಸತಕ್ಕ ತಪ್ಪು ಯಾವುದೆಂದು ತಿಳಿಯುವುದಕ್ಕೆ ಬೇಕು. ನಮ್ಮ ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ಔಚಿತ್ಯವೆಂದು ಕರೆದುದು ಇದನ್ನೇ. ಸ್ಥಾನ ತಪ್ಪಿದರೆ ಗುಣವೂ ದೋಷವಾಗುವುದೆಂಬುದು ಆ ತತ್ತ್ವದ ಸಾರ. ಅದರ ಮಗ್ಗುಲನ್ನು ಹೊರಳಿಸಿದರೆ, ಸ್ಥಾನ ಕೂಡಿಬಂದಾಗ ದೋಷವೂ ಗುಣವಾಗಬಲ್ಲುದು. ಒರಟುತನವೇ ಪ್ರಾಮಾಣಿಕತೆಯ ಗುರುತೆಂದು ವಾದಿಸುವವರುಂಟು. ಅವರ ವಾದವನ್ನು ಒಪ್ಪುವುದು ನಮಗೆ ಸಾಧ್ಯವಿಲ್ಲ. ‘ಬೋರ್ಡಮ್’ ಹಾಡಿನ ಎರಡು ಸ್ವರಗಳನ್ನು ವಿರಹಗೀತವೊಂದಕ್ಕೆ ಅಂಟಿಸಿದರೆ ಉಳಿಯುವುದು ಬರಿಯ ಒರಟುತನ.

ಆದಕಾರಣ ಸ್ವಯಂನಿರ್ಮಾಣವೆಂಬ ಒಂದೇ ಮಾತಿನಲ್ಲಿ ಅಡಗಿರುವ ಎರಡು ವಿದ್ಯೆಗಳನ್ನು ಬೇರ್ಪಡಿಸಿ ನೋಡಬೇಕು. ಹಣ ಹೊಂದಿಸಿ ಮುದ್ರಿಸಿ ಹಂಚುವುದು ಒಂದು ವಿದ್ಯೆ. ಬಜ್‌ಕಾಕ್ಸ್ ತಂಡ ಕೆಲವೇ ವಾರಗಳಲ್ಲಿ ಅದನ್ನು ಸಾಧಿಸಿತು. ತಾನು ನುಡಿಸಿದುದನ್ನು ಪರರ ಕಿವಿಯಿಂದ ಕೇಳುವುದು ಇನ್ನೊಂದು. ನ್ಯೂ ಆರ್ಡರ್ ತಂಡಕ್ಕೆ ಅದು ದಕ್ಕಲು ನಾಲ್ಕು ವರ್ಷ ಹಿಡಿಯಿತು. ಮೊದಲನೆಯ ವಿದ್ಯೆಯನ್ನು ಯಂತ್ರಗಳು ಈಗ ಬಹಳ ಸುಲಭಗೊಳಿಸಿವೆ. ಎರಡನೆಯದನ್ನು ಯಾವ ಯಂತ್ರವೂ ಸುಲಭಗೊಳಿಸಿಲ್ಲ. ಎದುರಾಡುವ ಮೂರನೆಯವನು ಕೊಠಡಿಯಲ್ಲಿ ಇಲ್ಲದಿರುವುದರಿಂದ ಅದು ಇನ್ನಷ್ಟು ಕಷ್ಟವಾಗಿದೆಯೆಂದೇ ತೋರುತ್ತದೆ. ತಾವೇ ನಿರ್ಮಿಸಿದ ಹಾಡುಗಳನ್ನು ವಿದ್ಯಾರ್ಥಿಗಳು ಅಧ್ಯಾಪಕರ ಬಳಿಗೆ ತಂದಾಗ, ಅವರ ಸಾಹಸವನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಲ್ಲದೆ, ಯಾವ ತಪ್ಪನ್ನು ಏತಕ್ಕಾಗಿ ಉಳಿಸಿದಿರಿ ಎಂದು ಕೇಳುವುದೂ ಅಧ್ಯಾಪಕರ ಕರ್ತವ್ಯ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ತಂಡವನ್ನು ನಾವು ಸ್ವತಂತ್ರವೆಂದು ಕರೆಯಬಹುದು.