ಅಮ್ಮನ ಫೋನಿಗೆ ಹೊಂದದ ಕಾವಲು

ಮಕ್ಕಳ ಮೊಬೈಲಿನ ಮೇಲೆ ಕಣ್ಣಿಡಲು ಏನಾದರೂ ದಾರಿ ಇದೆಯೇ ಎಂದು ಕೇಳುವ ತಂದೆತಾಯಂದಿರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಗೂಗಲ್‌ನ ‘ಫ್ಯಾಮಿಲಿ ಲಿಂಕ್’. 2017ರಲ್ಲಿ ಬಂದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಮಗುವಿಗೆಂದು ಒಂದು ಗೂಗಲ್ ಖಾತೆ ತೆರೆದು ಅದನ್ನು ತಂದೆಯ ಅಥವಾ ತಾಯಿಯ ಖಾತೆಗೆ ಜೋಡಿಸಿದರೆ, ದಿನಕ್ಕೆ ಎಷ್ಟು ಹೊತ್ತು ಫೋನು ನೋಡಬಹುದು, ರಾತ್ರಿ ಎಷ್ಟಕ್ಕೆ ಅದು ಬಂದ್ ಆಗಬೇಕು, ಯಾವ ಆ್ಯಪ್ ಇರಬಹುದು ಎಂಬುದನ್ನೆಲ್ಲ ದೊಡ್ಡವರು ತಮ್ಮ ಫೋನಿನಿಂದಲೇ ತೀರ್ಮಾನಿಸಬಹುದು. ಮಗುವಿನ ಫೋನು ಎಲ್ಲಿದೆ ಎಂದೂ ನೋಡಬಹುದು. ಶ್ರದ್ಧೆಯಿಂದ ಕಟ್ಟಿದ ಸಾಧನವಿದು. ಆದರೆ ಅದನ್ನು ಕಟ್ಟಿದವರ ಕಣ್ಣ ಮುಂದೆ ಇದ್ದ ಮನೆ ಬೇರೆ, ನಮ್ಮಲ್ಲಿ ಬಹಳಷ್ಟು ಜನ ಬದುಕುತ್ತಿರುವ ಮನೆ ಬೇರೆ.

ಮೊದಲು ಅದರ ಗುಣ ಹೇಳಬೇಕು. ನನ್ನ ಮಟ್ಟಿಗೆ ಫ್ಯಾಮಿಲಿ ಲಿಂಕ್‌ನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೊಸ ಆ್ಯಪ್‌ಗೆ ಅನುಮತಿ ಕೇಳುವ ವ್ಯವಸ್ಥೆ. ಗೆಳೆಯ ಹೇಳಿದ ಯಾವುದೋ ಆಟವನ್ನು ಮಗು ಹಾಕಿಕೊಳ್ಳಲು ಹೋದಾಗ ತಾಯಿಯ ಫೋನಿಗೆ ಕೋರಿಕೆ ಬರುತ್ತದೆ. ಇದು ಯಾವ ಆಟ, ಯಾರ ಜೊತೆ ಆಡುತ್ತೀಯ, ಅದರಲ್ಲಿ ಗುರುತಿಲ್ಲದವರು ಮೆಸೇಜು ಮಾಡಬಹುದೇ ಎಂದು ಕೇಳಲು ಅವಳಿಗೆ ಒಂದು ಕಾರಣ ಸಿಗುತ್ತದೆ. ಅನುಮತಿ ಕೊಟ್ಟರೂ ಕೊಡದಿದ್ದರೂ ಆ ಮಾತುಕತೆ ನಡೆದಿರುತ್ತದೆ. ಗಂಟೆ ಎಣಿಸುವ ಸೌಲಭ್ಯದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಂದು ತಾಸು ಕೂತು ಗಣಿತದ ಪಾಠ ನೋಡಿದ್ದೂ ಒಂದು ತಾಸು ಶಾರ್ಟ್ಸ್ ತಿರುವಿದ್ದೂ ಆ ಲೆಕ್ಕದಲ್ಲಿ ಒಂದೇ. ಬೇಡದ ವೆಬ್‌ಸೈಟುಗಳನ್ನು ತಡೆಯುವ ಜರಡಿಯಿಂದ ಎಲ್ಲವೂ ನಿಲ್ಲುವುದಿಲ್ಲ ಎಂದು ಗೂಗಲ್ ತಾನೇ ಹೇಳಿಕೊಂಡಿದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 2020ರಲ್ಲಿ ಶಾಲೆ ಮುಚ್ಚಿದಾಗ ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಪಾಠ ಬಂದದ್ದು ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನಿಗೆ. ಕೊರೊನಾ ಹೋಯಿತು, ಆ ಪದ್ಧತಿ ಹೋಗಲಿಲ್ಲ. ಹೋಂವರ್ಕ್ ಇಂದಿಗೂ ವಾಟ್ಸಾಪ್ ಗ್ರೂಪಿಗೇ ಬರುತ್ತದೆ, ಗ್ರೂಪಿನಲ್ಲಿರುವುದು ಅಮ್ಮನ ನಂಬರು. ಸಂಜೆ ಅವಳು ಕೆಲಸ ಮುಗಿಸಿ ಬಂದು ಅಡುಗೆಗೆ ನಿಂತರೆ ಫೋನು ಮಗುವಿನ ಕೈಗೆ ಹೋಗುತ್ತದೆ. ಅದರಲ್ಲಿರುವುದು ಅವಳ ಗೂಗಲ್ ಖಾತೆ, ಅವಳ ಜನ್ಮ ದಿನಾಂಕ. ಹಾಗಾಗಿ ಯೂಟ್ಯೂಬ್‌ನ ಲೆಕ್ಕದಲ್ಲಿ ನೋಡುತ್ತಿರುವವರು ಮೂವತ್ತು ದಾಟಿದ ಹೆಂಗಸು. ಅದೇ ಫೋನಿನಲ್ಲಿ ಫೋನ್‌ಪೇ ಇದೆ, ಬ್ಯಾಂಕಿನ ಓಟಿಪಿ ಬರುತ್ತದೆ, ನೆಂಟರಿಷ್ಟರ ಗ್ರೂಪುಗಳಲ್ಲಿ ಯಾರು ಯಾರೋ ಕಳಿಸಿದ ವಿಡಿಯೋಗಳಿವೆ. ಫ್ಯಾಮಿಲಿ ಲಿಂಕ್ ಕಾಯುವುದು ಮಗುವಿನ ಖಾತೆಯನ್ನು. ಈ ಫೋನಿನಲ್ಲಿ ಅಂಥ ಖಾತೆಯೇ ಇಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ದೊಡ್ಡವರಿಗೆ ಫೋನಿನ ಬಗ್ಗೆ ಮಕ್ಕಳಿಗಿಂತ ಹೆಚ್ಚು ಗೊತ್ತು ಎಂದು ಫ್ಯಾಮಿಲಿ ಲಿಂಕ್ ನಂಬಿಕೊಂಡಿದೆ. ನಮ್ಮಲ್ಲಿ ಅಪ್ಪನ ಜಿಮೇಲ್ ತೆರೆದುಕೊಟ್ಟವನು ಮಗ, ಅಜ್ಜಿಗೆ ವಾಟ್ಸಾಪ್ ಹಾಕಿಕೊಟ್ಟವಳು ಮೊಮ್ಮಗಳು. ಪಾಸ್‌ವರ್ಡ್ ನೆನಪಿರುವುದೂ ಅವರಿಗೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆಂದಿದೆ. ಅವರ ಬೆನ್ನುಹತ್ತಿ ಜಾಹೀರಾತು ತೋರಿಸಬಾರದೆಂದೂ ಹೇಳಿದೆ. ಅಮೆರಿಕದ 1998ರ ಕಾಯ್ದೆಯಿಂದ ಬಂದು ಜಗತ್ತಿನ ಆ್ಯಪ್‌ಗಳಿಗೆಲ್ಲ ಅಂಟಿಕೊಂಡ 13 ವರ್ಷದ ಗೆರೆಗಿಂತ ಇದು ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಆದರೆ ತಾಯಿಯ ಒಪ್ಪಿಗೆ ಕೇಳುವ ಸಂದೇಶ ಅವಳ ಫೋನಿಗೆ ಬಂದು, ಆ ಫೋನು ಮಗುವಿನ ಕೈಯಲ್ಲೇ ಇದ್ದರೆ, ಒಪ್ಪಿಗೆ ಕೊಟ್ಟವರು ಯಾರು?

ಹಂಚಿಕೊಂಡು ಬಳಸುವ ಫೋನಿಗೆ ಪರಿಹಾರವೇ ಇರಲಿಲ್ಲವೆಂದಲ್ಲ. 2014ರ ಆಂಡ್ರಾಯ್ಡ್ 5ರಲ್ಲೇ ಒಂದು ಫೋನಿನೊಳಗೆ ಬೇರೆ ಬೇರೆ ಬಳಕೆದಾರರನ್ನು ಇಡುವ ಸೌಲಭ್ಯ ಬಂದಿತ್ತು. ಅಮ್ಮನಿಗೆ ಒಂದು ಕೋಣೆ, ಮಗಳಿಗೆ ಒಂದು ಕೋಣೆ ಇದ್ದ ಹಾಗೆ. ಎಷ್ಟೋ ಫೋನುಗಳಲ್ಲಿ ತಯಾರಕರು ಅದನ್ನು ಕೊಡುವುದೇ ಇಲ್ಲ. ಒಂದೇ ಫೋನಿರುವ ಮನೆಗಳಿಗೆ ಮಾಡಿದ ಅನ್ಯಾಯ ಇದು ಎಂದು ನಾನು ಭಾವಿಸುತ್ತೇನೆ. ಉಳಿದಿರುವ ಸಣ್ಣ ಉಪಾಯಗಳನ್ನು ಶಾಲೆಗಳು ಪೋಷಕರ ಸಭೆಯಲ್ಲಿ ಫೋನು ಹಿಡಿದೇ ತೋರಿಸಿಕೊಡಬೇಕು. ಒಂದು ಆ್ಯಪ್ ತೆರೆದು ಅದನ್ನು ಪರದೆಗೆ ಪಿನ್ ಮಾಡಿ, ಬಿಡಿಸಲು ಲಾಕ್ ಕೇಳುವಂತೆ ಇಟ್ಟು ಕೊಟ್ಟರೆ, ಲಾಕ್ ಗೊತ್ತಿಲ್ಲದ ಮಗುವಿಗೆ ಅದರಿಂದಾಚೆ ಸುಲಭವಾಗಿ ಹೋಗಲಾಗದು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ವಾಟ್ಸಾಪ್‌ನಲ್ಲಿ ಪರಿಚಿತರಷ್ಟೇ ಗ್ರೂಪಿಗೆ ಸೇರಿಸುವಂತೆ, ಗುರುತಿಲ್ಲದವರ ಕರೆ ರಿಂಗಾಗದಂತೆ ಇಡಬಹುದು. ಅಪ್ಪನ ಹಳೆಯ ಫೋನನ್ನು ಮಗನಿಗೆ ಕೊಡುವುದಾದರೆ ಅದರಲ್ಲಿರುವುದನ್ನೆಲ್ಲ ಅಳಿಸಿ, ಮಗನದೇ ವಯಸ್ಸಿನ ಖಾತೆ ಹಾಕಿ ಕೊಡಬೇಕು. ಫ್ಯಾಮಿಲಿ ಲಿಂಕ್ ನಿಜಕ್ಕೂ ಕೆಲಸಕ್ಕೆ ಬರುವುದು ಅಲ್ಲಿ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಹೆಚ್ಚು ಭಯ ಹುಟ್ಟಿಸುವ ಅಪಾಯ ಹಾಗೇ ಉಳಿಯುತ್ತದೆ. ಆಟದ ಚಾಟ್‌ನಲ್ಲಿ ಪರಿಚಯವಾದವನು ಮಗುವನ್ನು ಇನ್‌ಸ್ಟಾಗ್ರಾಂಗೋ ವಾಟ್ಸಾಪ್‌ಗೋ ಕರೆಯುತ್ತಾನೆ, ನಿನ್ನನ್ನು ನಾನೊಬ್ಬನೇ ಅರ್ಥಮಾಡಿಕೊಂಡಿರುವುದು ಎನ್ನುತ್ತಾನೆ, ಒಂದು ಫೋಟೋ ಕೇಳುತ್ತಾನೆ. ಕಳಿಸಿದ ಮೇಲೆ ಬೆದರಿಕೆ ಶುರು. ಇದು ನಡೆಯುವುದು ಅನುಮತಿ ಕೊಟ್ಟ ಆ್ಯಪ್‌ನೊಳಗೆ, ಅನುಮತಿ ಕೊಟ್ಟ ಹೊತ್ತಿನಲ್ಲಿ. ಫ್ಯಾಮಿಲಿ ಲಿಂಕ್ ಮಕ್ಕಳ ಚಾಟ್‌ಗಳನ್ನು ತಂದೆತಾಯಿಗೆ ತೋರಿಸುವುದಿಲ್ಲ. ಅದು ಸರಿಯೇ. ಮಕ್ಕಳ ಒಂದೊಂದು ಮಾತನ್ನೂ ಕದ್ದು ಓದುವ ಆ್ಯಪ್‌ಗಳೂ ಮಾರುಕಟ್ಟೆಯಲ್ಲಿವೆ, ಅವನ್ನು ಬಳಸಿ ಎಂದು ನಾನು ಯಾರಿಗೂ ಹೇಳಲಾರೆ. ಓದಿದ್ದು ಗೊತ್ತಾದ ದಿನ ಹದಿನಾಲ್ಕರ ಹುಡುಗಿ ಇನ್ನೊಂದು ಖಾತೆ ತೆರೆಯುತ್ತಾಳೆ, ಆಮೇಲೆ ಮನೆಯವರಿಗೆ ಏನೂ ತಿಳಿಯುವುದಿಲ್ಲ.

ಆ ಬೆದರಿಕೆಗೆ ಬಲ ಬರುವುದು ಎಲ್ಲಿಂದ? ನಿನ್ನ ಅಪ್ಪ ಅಮ್ಮನಿಗೆ ತೋರಿಸುತ್ತೇನೆ ಎಂದು ಅವನು ಹೇಳಿದಾಗ ಮಗು ನಡುಗುತ್ತದಲ್ಲ, ಆ ನಡುಕದಿಂದ. ಏನೇ ಆದರೂ ಮೊದಲು ಫೋನು ಕಿತ್ತಿಟ್ಟು, ಶಾಲೆ ಬಿಡಿಸುತ್ತೇನೆ ಎಂದು ಗದರುವ ಮನೆಯಲ್ಲಿ ಮಗು ಬಾಯಿ ಬಿಡುವುದಿಲ್ಲ. ಹೆಣ್ಣುಮಕ್ಕಳಿಗೆ ಈ ಭಯ ಇಮ್ಮಡಿ, ತಪ್ಪು ಯಾರದ್ದಾದರೂ ಓದು ನಿಲ್ಲುವುದು ಅವಳದೇ ಎಂದು ಅವಳಿಗೆ ಗೊತ್ತು. ಆದ್ದರಿಂದ ಮಗುವಿನ ಕೈಗೆ ಫೋನು ಕೊಡುವ ದಿನವೇ ಒಂದು ಮಾತು ಕೊಡಬೇಕು: ಇಂಥದ್ದೇನಾದರೂ ಆಗಿ ನೀನು ಬಂದು ಹೇಳಿದರೆ ಹೊಡೆಯುವುದಿಲ್ಲ, ಫೋನು ಕಸಿಯುವುದಿಲ್ಲ. ಹೇಳಿದ ದಿನ ಆ ಮಾತು ಉಳಿಸಿಕೊಳ್ಳಬೇಕು. ಮಗುವಿನಿಂದ ಅಶ್ಲೀಲ ಚಿತ್ರ ಕೇಳುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ, ಅಪರಾಧಿ ಕೇಳಿದವನು. ಗಾಬರಿಯಲ್ಲಿ ಮೆಸೇಜುಗಳನ್ನು ಅಳಿಸಬಾರದು. ಸ್ಕ್ರೀನ್‌ಶಾಟ್ ತೆಗೆದಿಟ್ಟು ಖಾತೆಯ ಹೆಸರು, ನಂಬರು ಬರೆದುಕೊಳ್ಳಬೇಕು. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಚಿತ್ರದ ವಿಷಯವಾದರೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮನೆಯಲ್ಲಿ ಯಾರಿಗೂ ಹೇಳಲಾಗದ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ತಾನೇ ಕರೆ ಮಾಡಬಹುದು. ಆ ನಂಬರನ್ನು ಇವತ್ತೇ ಅಮ್ಮನ ಫೋನಿನಲ್ಲಿ ಹಾಕಿಡಿ, ಮಗುವಿಗೂ ತೋರಿಸಿ.